ಮೊದಲ ಗಿಟಾರ್‌ಗೆ ಯಾವ ತಂತಿ?

ಪ್ರಶ್ನೆ: ಹತ್ತು ವರ್ಷದ ಮಗಳು ಗಿಟಾರ್ ಬೇಕೆಂದು ಹಟ ಹಿಡಿದಿದ್ದಾಳೆ. ಎಂಥದ್ದು ಕೊಡಿಸಲಿ?
– ಓದುಗರು, ಹನೂರು

ಉತ್ತರ: ನೈಲಾನ್ ತಂತಿಯದ್ದು, ಮುಕ್ಕಾಲು ಅಳತೆಯದ್ದು. ನಿಮ್ಮ ಸೀಮೆಯ ನೀಲಗಾರರು ಮಂಟೇಸ್ವಾಮಿ ಕಥೆ ಹಾಡುವಾಗ ತಂಬೂರಿಯನ್ನು ಮೀಟಿದರೆ ಸಾಕು; ಗಿಟಾರ್‌ನಲ್ಲಿ ಎಡಗೈ ಬೆರಳುಗಳಿಂದ ತಂತಿಯನ್ನು ಒತ್ತಿ ಹಿಡಿಯಬೇಕು. ಸ್ಟೀಲ್ ತಂತಿಯಾದರೆ ಎಳೆ ಬೆರಳು ಉರಿಯುತ್ತವೆ, ಗಿಟಾರ್ ಬೀರುವಿನ ಮೇಲೇರುತ್ತದೆ.

ಅಂಗಡಿಯಲ್ಲಿ ಹೊಳಪಿಗೆ ಮರುಳಾಗಬೇಡಿ. ಕತ್ತಿನ ಮೇಲಿನ 12ನೇ ಫ್ರೆಟ್ (ಅಡ್ಡ ಲೋಹದ ಪಟ್ಟಿ) ಬಳಿ ತಂತಿ 4 ಮಿಲಿಮೀಟರಿಗಿಂತ ತೀರಾ ಎತ್ತರವಿದ್ದರೆ ಬೇಡವೆನ್ನಿ. ಆರೂ ತಂತಿಗಳನ್ನು ಒಂದೊಂದು ಫ್ರೆಟ್‌ನಲ್ಲೂ ಒತ್ತಿ ಮೀಟಿಸಿ. ಗರಗರ ಸದ್ದು ಬಂದರೆ ಬೇರೆಯದನ್ನು ಕೇಳಿ. ಶ್ರುತಿ ಮಾಡಲು ಮೊಬೈಲ್ ಆ್ಯಪ್ ಸಾಕು, ಅದಕ್ಕೆ ದುಡ್ಡು ಸುರಿಯಬೇಡಿ. ಮುಂದೆ ಯಾರಾದರೂ ಹೇಳಿದರೆಂದು ಇದೇ ಗಿಟಾರ್‌ಗೆ ಸ್ಟೀಲ್ ತಂತಿ ಹಾಕಿಸೀರಿ, ಆ ಬಿಗಿತಕ್ಕೆ ತಂತಿ ಕಟ್ಟುವ ಬ್ರಿಜ್ ಕಿತ್ತುಬರಬಹುದು.