ಇಪ್ಪತ್ತೆರಡರ ಕೋವಿಗೆ ಎಂಥ ದುರ್ಬೀನು?

ಕುಮಿಳಿಯಿಂದ ಘಾಟಿಯ ತಿರುವುಗಳನ್ನು ಇಳಿದರೆ ತೇನಿ ಜಿಲ್ಲೆಯ ಕಂಬಂ ಕಣಿವೆ. 1895ರಲ್ಲಿ ಪೂರ್ತಿಯಾದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರಿನಿಂದ ಇಲ್ಲಿ ಭತ್ತ, ಬಾಳೆ, ದ್ರಾಕ್ಷಿ ಬೆಳೆಯುತ್ತವೆ. ಈ ತಮಿಳು ಸೀಮೆಯಲ್ಲಿ ಮನೆಯೊಳಗೆ ಕನ್ನಡವನ್ನಾಡುವ ಬೇಸಾಯಗಾರರು ತಲೆಮಾರುಗಳಿಂದ ನೆಲೆಸಿದ್ದಾರೆ. ಕಪ್ಪಿಲಿಯರು, ಅನುಪ್ಪರು ಎಂದು ಹೆಸರಾದ ಇವರ ಉಲ್ಲೇಖ 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ಗ್ರಂಥದಲ್ಲಿಯೂ ಇದೆ. ಸಂತೆಯಲ್ಲಿ, ಶಾಲೆಯಲ್ಲಿ ಒಂದು ಭಾಷೆ, ಒಲೆಯ ಮುಂದೆ ಇನ್ನೊಂದು. ಈ ಬಾಳು ನಮ್ಮ ಓದುಗರಿಗೆ ಹೊಸತಲ್ಲ.

ಅವರಿಗೂ ನಮಗೂ ಸಮಾನವಾದ ಇನ್ನೊಂದು ಸಂಗತಿಯಿದೆ. ಕಣಿವೆಯ ಅಂಚಿನಲ್ಲಿ ಕಾಡು. ಮೇಘಮಲೆಯ ಅರಣ್ಯವು 2021ರಿಂದ ಶ್ರೀವಿಲ್ಲಿಪುತ್ತೂರು-ಮೇಘಮಲೆ ಹುಲಿ ರಕ್ಷಿತಾರಣ್ಯದ ಭಾಗವಾಗಿದೆ. ನಮ್ಮ ಬಂದಡ್ಕ, ಅಡೂರು, ದೇಲಂಪಾಡಿಗಳ ತೋಟಗಳಿಗೆ ನುಗ್ಗುವಂತೆಯೇ ಅಲ್ಲಿನ ಬೆಟ್ಟದ ಬುಡದ ಹೊಲಗಳಿಗೂ ಕಾಡುಹಂದಿ ನುಗ್ಗುತ್ತದೆ. ಪರವಾನಗಿಯ .22 ಕೋವಿಯಿರುವ ಮನೆಯಲ್ಲಿ ಮಗನಾದವನು, "ಒಳ್ಳೆಯ ದುರ್ಬೀನೊಂದನ್ನು ಕೂರಿಸಿದರೆ ಇದೇ ಕೋವಿ ಎಲ್ಲದಕ್ಕೂ ಆದೀತಲ್ಲ ಅಪ್ಪಾ" ಎಂದು ಕೇಳುವುದು ಸಹಜ. ಆಗದು ಎಂಬುದೇ ಇದಕ್ಕೆ ಉತ್ತರ. ಹಾಗಾದರೆ ಯಾವುದಕ್ಕೆ ಆದೀತು, ಅದಕ್ಕೆ ಎಂಥ ದುರ್ಬೀನು ಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ತೋಟೆಯ ಮಿತಿ

.22 ಲಾಂಗ್ ರೈಫಲ್ ತೋಟೆ ಹುಟ್ಟಿದ್ದು 1887ರಲ್ಲಿ, ಅಮೇರಿಕದಲ್ಲಿ. ಇದರ ಸಿಡಿಮದ್ದು ತೋಟೆಯ ಬುಡದ ಅಂಚಿನೊಳಗೆ ಇರುವುದರಿಂದ ರಿಮ್‌ಫೈರ್ ಎಂಬ ಹೆಸರು. ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ. ಕಾಗದದ ಗುರಿಗೆ ಇದು ಧಾರಾಳ. ದಪ್ಪ ಚರ್ಮದ ಹಂದಿಗೆ ತೀರಾ ಸಾಲದು. ಏಟು ತಿಂದ ಹಂದಿ ಅಲ್ಲೇ ಬೀಳದೆ ಪೊದೆ ಸೇರಿ ನರಳುತ್ತದೆ, ಮರುದಿನ ಹುಲ್ಲು ಕೊಯ್ಯಲು ಹೋದವರ ಮೇಲೆ ಎರಗುತ್ತದೆ. ದುರ್ಬೀನು ಗುರಿಯನ್ನು ದೊಡ್ಡದು ಮಾಡಿ ತೋರಿಸುತ್ತದೆಯೇ ಹೊರತು ಗುಂಡನ್ನು ದೊಡ್ಡದು ಮಾಡುವುದಿಲ್ಲ.

ಕಾನೂನೂ ಅಡ್ಡ ನಿಲ್ಲುತ್ತದೆ. ವನ್ಯಜೀವಿಗಳ ಬೇಟೆಯನ್ನು 1972ರ ಕಾಯಿದೆ ನಿಷೇಧಿಸಿದೆ. ಬೆಳೆ ಹಾಳುಮಾಡುವ ಹಂದಿಗಳನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಕೇರಳದಲ್ಲಿ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಡಲಾಯಿತು. ತಮಿಳುನಾಡು 2025ರಲ್ಲಿ, ಮೀಸಲು ಅರಣ್ಯದಿಂದ 3 ಕಿಲೋಮೀಟರಿಗೂ ಹೊರಗೆ ಬಂದ ಹಂದಿಗಳನ್ನು ಕೊಲ್ಲಲು ಒಪ್ಪಿತಾದರೂ ಆ ಕೆಲಸವನ್ನು ಅರಣ್ಯ ಇಲಾಖೆಯವರಿಗೇ ಬಿಟ್ಟಿತು. ಎರಡೂ ಕಡೆಗಳಲ್ಲಿ ಕೋವಿಯ ಪರವಾನಗಿ ಬೇಟೆಯ ಪರವಾನಗಿಯಲ್ಲ.

ಆದುದರಿಂದ .22 ಕೋವಿಗೆ ಉಳಿಯುವ ನ್ಯಾಯವಾದ ಕೆಲಸವೆಂದರೆ ರೈಫಲ್ ಕ್ಲಬ್ಬಿನ ಮೈದಾನದಲ್ಲಿ ಗುರಿಯ ಅಭ್ಯಾಸ. ಮಕ್ಕಳನ್ನು ಸ್ಪರ್ಧೆಗೆ ಕಳುಹಿಸುವ ಆಸೆಯಿದ್ದರೆ ದುರ್ಬೀನಿನ ಖರ್ಚೇ ಬೇಡ. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕೋವಿಯ ಮೇಲೆ ದುರ್ಬೀನಿಗೆ ಅವಕಾಶವಿಲ್ಲ. ಸಣ್ಣ ರಂಧ್ರದ ಮೂಲಕ ನೋಡಿಯೇ ಗುರಿ ಹಿಡಿಯಬೇಕು. ಹತ್ತು ಅಂಕದ ವೃತ್ತದ ಅಡ್ಡಳತೆ ಬರೇ 10.4 ಮಿಲ್ಲಿಮೀಟರ್. 2024ರಲ್ಲಿ ಪ್ಯಾರಿಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದುದು ಹೀಗೆಯೇ. ಚಾಳೀಸಿನ ನಂತರ ಕಣ್ಣು ಮಂದವಾದವರಿಗೆ, ಹವ್ಯಾಸಕ್ಕಾಗಿ ಗುರಿ ಹೊಡೆಯುವವರಿಗೆ ಮಾತ್ರ ಮುಂದಿನ ಮಾತು.

ದೊಡ್ಡದೆಲ್ಲ ಒಳ್ಳೆಯದಲ್ಲ

ದುರ್ಬೀನಿನ ಮೇಲೆ 4×32 ಎಂದಿದ್ದರೆ, ಅದು ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 32 ಮಿಲ್ಲಿಮೀಟರ್ ಎಂದರ್ಥ. 32ನ್ನು 4ರಿಂದ ಭಾಗಿಸಿದರೆ 8. ಇದು ಹಿಂದಿನ ಗಾಜಿನಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತದ ಅಗಲ. ಎಳೆಯ ಪ್ರಾಯದವರ ಕಣ್ಣಿನ ಪಾಪೆ ಕತ್ತಲಲ್ಲಿಯೂ ಸುಮಾರು 7 ಮಿಲ್ಲಿಮೀಟರಿನಷ್ಟೇ ಅರಳುತ್ತದೆ, ವಯಸ್ಸಾದಂತೆ ಇನ್ನೂ ಕಡಿಮೆ. ಹೀಗಿರುವಾಗ 50 ಮಿಲ್ಲಿಮೀಟರಿನ ಗಾಜಿಗೆ ಹಣ ಸುರಿದರೆ ತೂಕ ಹೆಚ್ಚೀತೇ ಹೊರತು ಲಾಭವಿಲ್ಲ. ಅದನ್ನು ಎತ್ತರದಲ್ಲಿ ಕೂರಿಸಬೇಕಾಗುವುದರಿಂದ ಕೆನ್ನೆ ಕೋವಿಯ ಹಿಡಿಯಿಂದ ಮೇಲೇಳುತ್ತದೆ, ಗುರಿ ಕೆಡುತ್ತದೆ.

ಹಿಗ್ಗಿಸುವ ಶಕ್ತಿ ಹೆಚ್ಚಾದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಕೈಯ ನಡುಕವೂ ಅಷ್ಟೇ ಪಟ್ಟು ಹಿಗ್ಗಿ ಕಾಣುತ್ತದೆ. 50 ಗಜದ ಅಭ್ಯಾಸಕ್ಕೆ ನಾಲ್ಕು ಪಟ್ಟು ಸಾಕು. ಮರಳಿನ ಚೀಲದ ಮೇಲಿಟ್ಟು ಕಾಗದದ ಗುರಿಗೇ ಹೊಡೆಯುವವರು 3ರಿಂದ 9ರ ವರೆಗೆ ಬದಲಿಸಬಹುದಾದುದನ್ನು ಕೊಳ್ಳಬಹುದು.

ಐವತ್ತು ಗಜದ ಲೆಕ್ಕ

ಕೊಳ್ಳುವವರು ಹೆಚ್ಚಾಗಿ ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಬಸ್ಸಿನಲ್ಲಿ ಡ್ರೈವರನ ಎದುರಿರುವ ಮೀಟರನ್ನು ಪಕ್ಕದ ಸೀಟಿನಿಂದ ನೋಡಿದರೆ ಮುಳ್ಳು ಬೇರೆ ಅಂಕೆಯ ಮೇಲೆ ನಿಂತಂತೆ ಕಾಣುವುದಿಲ್ಲವೇ? ದುರ್ಬೀನಿನೊಳಗಿನ ಅಡ್ಡಗೆರೆಗೂ ಇದೇ ಪಾಡು. ಕಣ್ಣು ಸ್ವಲ್ಪ ಅತ್ತಿತ್ತ ಸರಿದರೆ ಗೆರೆ ಗುರಿಯಿಂದ ಸರಿದಂತೆ ಕಾಣುತ್ತದೆ. ಇದನ್ನು ಪ್ಯಾರಲಾಕ್ಸ್ ಎನ್ನುತ್ತಾರೆ. ಯಾವುದಾದರೂ ಒಂದೇ ದೂರದಲ್ಲಿ ಈ ದೋಷ ಇಲ್ಲದಂತೆ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ದೊಡ್ಡ ಕೋವಿಗಳ ದುರ್ಬೀನಿಗೆ ಆ ದೂರ ಸಾಮಾನ್ಯವಾಗಿ 100 ಗಜ ಅಥವಾ ಅದಕ್ಕಿಂತ ಹೆಚ್ಚು, ರಿಮ್‌ಫೈರಿನದಕ್ಕೆ 50 ಗಜದ ಆಸುಪಾಸು. ಅಂಗಡಿಯಲ್ಲಿ ಬೆಲೆಗಿಂತ ಮೊದಲು ಇದನ್ನು ಕೇಳಬೇಕು. ಪರೀಕ್ಷೆಯೂ ಸುಲಭ. ದುರ್ಬೀನನ್ನು ಅಲುಗದಂತೆ ಇಟ್ಟು, 50 ಗಜ ದೂರದ ವಸ್ತುವೊಂದರ ಮೇಲೆ ಗೆರೆ ನಿಲ್ಲಿಸಿ, ಅದನ್ನು ಮುಟ್ಟದೆ ತಲೆಯನ್ನು ಮಾತ್ರ ಆಡಿಸಿ ನೋಡಬೇಕು. ಗೆರೆ ಓಡಾಡಿದರೆ ಅದು ನಿಮ್ಮ ಕೋವಿಗೆ ತಕ್ಕುದಲ್ಲ.

50 ಗಜಕ್ಕೆ ಸರಿಹೊಂದಿಸಿದ .22 ಗುಂಡು 100 ಗಜದಲ್ಲಿ ಸುಮಾರು ಆರು ಅಂಗುಲ ಕೆಳಗೆ ಬೀಳುತ್ತದೆ. ಸಾಮಾನ್ಯ ದುರ್ಬೀನಿನ ತಿರುಪಿನ ಒಂದು ಟಿಕ್ಕಿಗೆ 100 ಗಜದಲ್ಲಿ ಕಾಲು ಅಂಗುಲದ ವ್ಯತ್ಯಾಸ, 50 ಗಜದಲ್ಲಿ ಅದರರ್ಧ. ಅಲ್ಲಿ ಒಂದು ಅಂಗುಲ ತಿದ್ದಲು ಎಂಟು ಟಿಕ್ ಬೇಕು. ಇನ್ನು ಗಾಳಿ. ಮುಂಗಾರಿನಲ್ಲಿ ಘಟ್ಟದ ಸಂದಿನಿಂದ ತೇನಿಯ ಕಡೆಗೆ ಬೀಸುವ ಗಾಳಿಯನ್ನು ನಂಬಿ ಅಲ್ಲಿ ಗಾಳಿಯಂತ್ರಗಳನ್ನೇ ನೆಟ್ಟಿದ್ದಾರೆ. ಗಂಟೆಗೆ ಹತ್ತು ಮೈಲಿನ ಅಡ್ಡಗಾಳಿಯೂ ಈ ಹಗುರ ಗುಂಡನ್ನು 50 ಗಜದೊಳಗೆ ಒಂದು ಅಂಗುಲಕ್ಕೂ ಮಿಕ್ಕಿ ಸರಿಸುತ್ತದೆ. ಅದನ್ನು ಯಾವ ಗಾಜೂ ತಡೆಯದು, ಅಭ್ಯಾಸವೇ ಕಲಿಸಬೇಕು.

ಗುರಿ ತಪ್ಪಿದ ಗುಂಡು ಒಂದೂವರೆ ಕಿಲೋಮೀಟರಿನ ವರೆಗೂ ಅಪಾಯ ತರಬಲ್ಲುದು. ದ್ರಾಕ್ಷಿ ಚಪ್ಪರದ ಕೆಳಗೆ ಆಳುಗಳು ಕೆಲಸ ಮಾಡುವ ಕಣಿವೆಯಲ್ಲಿ ಇದು ಸಣ್ಣ ಮಾತಲ್ಲ. ದುರ್ಬೀನಿನಲ್ಲಿ ಕಾಣುವುದು ಗುರಿ ಮಾತ್ರ, ಅದರ ಹಿಂದೆ ನಿಂತವರು ಕಾಣರು. ಗುರಿಯ ಹಿಂದೆ ಮಣ್ಣಿನ ದಿಬ್ಬವಿಲ್ಲದ ಜಾಗದಲ್ಲಿ ಕೋವಿ ಎತ್ತಲೇಬಾರದು.

ಕೂರಿಸುವುದು, ಕಾಪಾಡುವುದು

.22 ಕೋವಿಗಳ ಮೇಲಿನ ಜಾಡಿನ ಅಗಲ ಸಾಮಾನ್ಯವಾಗಿ 9.5 ಅಥವಾ 11 ಮಿಲ್ಲಿಮೀಟರ್. ಅಳೆದು, ಅದಕ್ಕೆ ಸರಿಯಾದ ಉಂಗುರಗಳನ್ನೇ ತರಬೇಕು. ಹಿಂದಿನ ಗಾಜಿಗೂ ಕಣ್ಣಿಗೂ ನಡುವೆ ಮೂರರಿಂದ ಮೂರೂವರೆ ಅಂಗುಲದ ಅಂತರವಿರಲಿ. ಇದೇ ದುರ್ಬೀನನ್ನು ಸ್ಪ್ರಿಂಗಿನ ಏರ್‌ಗನ್ನಿಗೆ ಹಾಕಬಾರದು. ಅದರ ಒದೆತ ಮುಂದಕ್ಕೂ ಹಿಂದಕ್ಕೂ ಇರುವುದರಿಂದ ಒಳಗಿನ ಗೆರೆ ಕಿತ್ತುಬರುವುದುಂಟು.

ಚುನಾವಣೆ ಬಂದಾಗ ಕೋವಿಯನ್ನು ಪೋಲೀಸ್ ಠಾಣೆಯಲ್ಲಿ ಇರಿಸಬೇಕಾಗಿ ಬರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆಗ ಬಿಚ್ಚಿಟ್ಟ ದುರ್ಬೀನನ್ನು ಮರಳಿ ಕೂರಿಸಿದರೆ ಹಳೆಯ ಗುರಿ ಇರುವುದಿಲ್ಲ. ಹೊಸದಾಗಿ ಹೊಂದಿಸಲು ಹತ್ತಾರು ತೋಟೆ ಬೇಕು, ತೋಟೆಗಳಿಗೋ ಲೆಕ್ಕವಿದೆ.

ಕಂಬಂ ಕಣಿವೆಗಿಂತ ನಮ್ಮ ಕರಾವಳಿಯ ಮಳೆಗಾಲ ಗಾಜಿಗೆ ಹೆಚ್ಚಿನ ಶತ್ರು. ಸಾರಜನಕ ತುಂಬಿ ಮುಚ್ಚಿದ ದುರ್ಬೀನಿನೊಳಗೆ ಆವಿ ಕಟ್ಟುವುದಿಲ್ಲ. ಆದರೂ ಆಷಾಢದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಮಸೂರದ ಮೇಲೆ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಹರಳಿನ ಜೊತೆ ಬಿಗಿಯಾದ ಡಬ್ಬದಲ್ಲಿಡುವುದು ಲೇಸು.

ಕೋವಿಯನ್ನು ಬೀಗದಲ್ಲಿಡುವುದೂ ಅಷ್ಟೇ ಮುಖ್ಯ. ಕಣಿವೆಯವರಿಗೆ ಬೀಗಕ್ಕೆ ಕೊರತೆಯಿಲ್ಲ, ಪಕ್ಕದಲ್ಲೇ ದಿಂಡಿಗಲ್. 1755ರಲ್ಲಿ ಮೈಸೂರಿನ ಫೌಜುದಾರನಾಗಿ ಅಲ್ಲಿಗೆ ಹೋದ ಹೈದರಾಲಿ ಫ್ರೆಂಚರ ನೆರವಿನಿಂದ ಆಯುಧಶಾಲೆ ಕಟ್ಟಿಸಿದ್ದನು. ಇಂದು ಆ ಊರಿನ ಹೆಸರು ಬೀಗದ ಮೂಲಕವೇ ಪ್ರಸಿದ್ಧ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ.

ಪೇಟೆಗೆ ಹೋಗುವವರು ಚೀಟಿಯಲ್ಲಿ ಇಷ್ಟನ್ನು ಬರೆದುಕೊಂಡರೆ ಸಾಕು: ನಾಲ್ಕು ಪಟ್ಟು, 32 ಮಿಲ್ಲಿಮೀಟರ್, 50 ಗಜದ ಪ್ಯಾರಲಾಕ್ಸ್, ಜಾಡಿಗೆ ಸರಿಯಾದ ಉಂಗುರ, ಮತ್ತೊಂದು ಗಟ್ಟಿ ಬೀಗ. ಹಂದಿಯ ಕಾಟಕ್ಕೆ ಬೇರೆಯೇ ಕಾಗದ ಬೇಕು. ಅದು ಪಂಚಾಯತಿಗೋ ಅರಣ್ಯ ಕಚೇರಿಗೋ ಬರೆಯಬೇಕಾದ ಅರ್ಜಿ.