ಮಗುವಿನ ಮನೋಬಲವೂ ಗುರುವಿನ ಮೆಚ್ಚುಗೆಯೂ

ಲಿಂಗಸುಗೂರು ಸೀಮೆಯ ಉಪಾಧ್ಯಾಯರಿಗೆ ಈ ಸಂಗತಿ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳೊಡನೆ ಗುಳೆ ಹೋದ ಮಗು ತಿಂಗಳುಗಟ್ಟಲೆ ಮರಳುವುದಿಲ್ಲ. ಮರಳಿದಾಗ ಪಾಠಗಳು ಬಹುದೂರ ಸಾಗಿರುತ್ತವೆ. ಹಿಂದಿನ ಸಾಲಿನಲ್ಲಿ ಕುಳಿತ ಆ ಮಗು ತನಗೆ ವಿದ್ಯೆ ಒಲಿಯದೆಂದು ತಾನೇ ತೀರ್ಮಾನಿಸಿಬಿಡುತ್ತದೆ. ತಪ್ಪಿಹೋದ ಪಾಠವನ್ನು ಮತ್ತೆ ಹೇಳಿಕೊಡಬಹುದು. ಈ ತೀರ್ಮಾನವನ್ನು ಕದಲಿಸುವುದು ಕಷ್ಟ.

ಮನಸ್ಸಿನ ಬೇನೆಗಳಷ್ಟೇ ಶ್ರದ್ಧೆಯಿಂದ ಅದರ ಬಲವನ್ನೂ ಅಭ್ಯಸಿಸಬೇಕೆಂದು 1998ರಲ್ಲಿ ಅಮೆರಿಕದ ಮನೋವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದ ಮಾರ್ಟಿನ್ ಸೆಲಿಗ್‌ಮನ್ ಪ್ರತಿಪಾದಿಸಿದರು. ಸಕಾರಾತ್ಮಕ ಮನೋವಿಜ್ಞಾನವೆಂದು ಇದರ ಹೆಸರು. ಸದಾ ನಗುತ್ತಿರಬೇಕೆಂಬ ಉಪದೇಶವೆಂದು ಇದನ್ನು ತಿಳಿದವರುಂಟು. ಹಸಿದು ಬಂದ ಮಗುವಿಗೆ ನಗು ಎನ್ನುವುದು ಕ್ರೌರ್ಯವೇ ಸರಿ.

ಶಿಕ್ಷಕರಿಗೆ ಹೆಚ್ಚು ಉಪಯುಕ್ತವೆಂದು ನನಗೆ ತೋರುವುದು, ಅದೇ ವರ್ಷ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳು. ಐದನೆಯ ತರಗತಿಯ ಮಕ್ಕಳು ಕೆಲವು ಸಮಸ್ಯೆಗಳನ್ನು ಬಿಡಿಸಿದ ಮೇಲೆ ಕೆಲವರ ಜಾಣತನವನ್ನೂ ಕೆಲವರ ಪರಿಶ್ರಮವನ್ನೂ ಹೊಗಳಲಾಯಿತು. ಅನಂತರ ಕೊಟ್ಟ ಕಠಿಣ ಸಮಸ್ಯೆಗಳಲ್ಲಿ ಎಲ್ಲರೂ ಎಡವಿದರು. ಮೂರನೆಯ ಬಾರಿ ಮೊದಲಿನಂಥವೇ ಸಮಸ್ಯೆಗಳು ಬಂದಾಗ, ಜಾಣರೆನಿಸಿಕೊಂಡವರು ಮೊದಲಿಗಿಂತ ಹಿಂದೆ ಬಿದ್ದರು; ಪರಿಶ್ರಮಕ್ಕೆ ಮೆಚ್ಚುಗೆ ಪಡೆದವರು ಮುಂದುವರಿದರು. ಜಾಣನೆಂಬ ಬಿರುದು ಹೊತ್ತವನಿಗೆ ಸೋಲು ಬಿರುದನ್ನೇ ಕಸಿದಂತೆ ಕಾಣುತ್ತದೆ. ದಡ್ಡನೆಂಬ ಬಿರುದಿನ ಭಾರವನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರೌಢಶಾಲೆಗಳ ಉಪಾಧ್ಯಾಯರಿಗೆ ತರಬೇತಿಯಿತ್ತು, ಅವರ ಮೂಲಕವೇ ಮಕ್ಕಳಿಗೆ ಜೀವನ ಕೌಶಲ್ಯಗಳ ಶಿಕ್ಷಣ ಕೊಡಿಸಿತು. 2010ರಲ್ಲಿ ಪ್ರಕಟವಾದ ಅದರ ಮೌಲ್ಯಮಾಪನದಂತೆ, ಈ ಶಿಕ್ಷಣ ಪಡೆದ ಮಕ್ಕಳಲ್ಲಿ ಆತ್ಮಗೌರವವೂ ಕಷ್ಟವನ್ನೆದುರಿಸುವ ಧೈರ್ಯವೂ ಗುರುಗಳೊಡನೆ ಹೊಂದಾಣಿಕೆಯೂ ಹೆಚ್ಚಾಗಿದ್ದವು. ಮನೆಯೊಳಗಿನ ಹೊಂದಾಣಿಕೆಯಲ್ಲಿ ಮಾತ್ರ ಅಂತಹ ವ್ಯತ್ಯಾಸ ಕಾಣಲಿಲ್ಲ. ಶಾಲೆಯ ಕೈ ಎಲ್ಲಿಯವರೆಗೆ ಚಾಚೀತೆಂಬುದನ್ನು ಇದರಿಂದ ಅರಿಯಬಹುದು.

ತರಗತಿಯಲ್ಲಿ ಇದನ್ನು ಆಚರಿಸಲು ಹಣ ಬೇಕಿಲ್ಲ. ಗುಳೆಯಿಂದ ಮರಳಿದ ಹುಡುಗಿಯ ಲೆಕ್ಕ ತಪ್ಪಾಗಿದ್ದರೆ, ಯಾವ ಹಂತದವರೆಗೆ ಸರಿಯಿದೆಯೆಂಬುದನ್ನು ಗುರುತುಹಾಕಿ ತೋರಿಸಿ, ಅಲ್ಲಿಂದಲೇ ಮತ್ತೆ ಬಿಡಿಸಲು ಹೇಳಿದರಾಯಿತು. ಮುಂದಿನ ವಾರ ಇನ್ನೊಂದು ಹಂತ ಸರಿಬಂದಾಗ, ಎರಡು ಪುಟಗಳನ್ನೂ ಅವಳ ಮುಂದಿಟ್ಟು ತೋರಿಸಬೇಕು. ಬರಿಯ ಶಹಬ್ಬಾಸ್‌ಗಿರಿ ಸಾಲದು. ಮೆಚ್ಚುಗೆ ಹುಸಿಯಾದರೆ ಮಕ್ಕಳು ಥಟ್ಟನೆ ಅರಿಯುತ್ತಾರೆ.

ದಾನಿಗಳಲ್ಲಿಯೂ ಒಂದು ಅರಿಕೆ. ಶಾಲೆಗಳಲ್ಲಿ ದತ್ತಿ ಬಹುಮಾನಗಳು ಬಹುಮಟ್ಟಿಗೆ ಅತ್ಯಧಿಕ ಅಂಕಗಳಿಗೇ ಮೀಸಲು. ಅವು ಇರಲಿ. ಬೇಸಗೆಯ ಗುಳೆಯಿಂದ ಮರಳಿ ಬಂದು, ತಪ್ಪಿದ ಪಾಠಗಳನ್ನು ಕಲಿತು ವರ್ಷ ಪೂರೈಸಿದ ಮಗುವಿನ ಹೆಸರಿನಲ್ಲಿ ಇನ್ನೊಂದು ದತ್ತಿಯನ್ನು ಯಾರಾದರೂ ಇಡಬಾರದೇಕೆ?