ಏದುಸಿರಿನ ರೋಗಿಯೂ ಶ್ರವಣಾತೀತ ಧ್ವನಿಯೂ

ಅನ್ನವಿಲ್ಲದೆ ಮನುಷ್ಯನು ಹಲವು ದಿನ ಬದುಕಿರಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳೂ ಬದುಕಲಾರನು. ಆದುದರಿಂದಲೇ ಏದುಸಿರು ಬಿಡುತ್ತ ಬಂದ ರೋಗಿಯ ಚಿಕಿತ್ಸೆಯಲ್ಲಿ ಕಾಲಕ್ಕೆ ಅಷ್ಟೊಂದು ಬೆಲೆ.

ಏದುಸಿರಿಗೆ ಕಾರಣ ಒಂದೇ ಅಲ್ಲ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ನ್ಯುಮೋನಿಯಾ ಅಥವಾ ಆಸ್ತಮಾ ಇರಬಹುದು. ಶ್ವಾಸಕೋಶದ ಪೊರೆಗಳ ನಡುವೆ ಗಾಳಿ ಸೇರಿರಬಹುದು. ಹೊರನೋಟಕ್ಕೆ ಎಲ್ಲವೂ ಒಂದೇ ತೆರನಾಗಿ ಕಂಡರೂ ಚಿಕಿತ್ಸೆ ಬೇರೆ ಬೇರೆ. ಹೃದಯ ಸೋತವನಿಗೆ ಮೂತ್ರವರ್ಧಕ ಔಷಧ ಬೇಕು. ಗಾಳಿ ಒತ್ತಿ ನಿಂತವನಿಗೆ ಸೂಜಿ ಚುಚ್ಚಿ ಅದನ್ನು ಹೊರಬಿಡಬೇಕು.

1816ರಲ್ಲಿ ಫ್ರಾನ್ಸಿನ ವೈದ್ಯ ಲೆನೆಕ್ ಸ್ಟೆತಾಸ್ಕೋಪನ್ನು ರೂಪಿಸಿ ಎದೆಯ ಸದ್ದಿಗೆ ಕಿವಿಗೊಡುವುದನ್ನು ಕಲಿಸಿದನು. ಕಿವಿಗೆ ನಿಲುಕದುದನ್ನು ಶ್ರವಣಾತೀತ ಧ್ವನಿಯು ಕಣ್ಣಿಗೆ ತೋರಿಸುತ್ತದೆ. ಸೆಕೆಂಡಿಗೆ 20,000ಕ್ಕೂ ಮಿಗಿಲಾದ ಕಂಪನಗಳುಳ್ಳ ಈ ಧ್ವನಿಯನ್ನು ಗಾಳಿಯು ಮುಂದೆ ಸಾಗಗೊಡದು. ಆದುದರಿಂದ ಶ್ವಾಸಕೋಶಕ್ಕೆ ಅಲ್ಟ್ರಾಸೌಂಡ್ ಸಲ್ಲದೆಂದೇ ಬಹುಕಾಲ ನಂಬಲಾಗಿತ್ತು. ಫ್ರಾನ್ಸಿನವರೇ ಆದ ಡಾ. ಲಿಕ್ಟೆನ್‌ಸ್ಟೈನ್ ಈ ನಂಬಿಕೆಯನ್ನು ಅಲುಗಾಡಿಸಿ, 2008ರಲ್ಲಿ 'ಬ್ಲೂ' ಎಂಬ ಪರೀಕ್ಷಾಕ್ರಮವನ್ನು ಪ್ರಕಟಿಸಿದರು.

ಇದರ ಮರ್ಮ ಸರಳವಾದುದು. ಆರೋಗ್ಯವಂತನ ಪೊರೆಗಳು ಉಸಿರಿನೊಡನೆ ಒಂದರ ಮೇಲೊಂದು ಜಾರುತ್ತವೆ. ಪರದೆಯಲ್ಲಿ ಅಡ್ಡಗೆರೆಗಳು ಕಾಣುತ್ತವೆ. ಶ್ವಾಸಕೋಶದಲ್ಲಿ ನೀರು ಸೇರಿದಾಗ ಮೇಲಿನಿಂದ ಕೆಳಗಿಳಿಯುವ ಲಂಬಗೆರೆಗಳು ಮೂಡುತ್ತವೆ. ಎದೆಯ ಎರಡೂ ಬದಿಗಳಲ್ಲಿ, ಒಂದೊಂದು ನೋಟದಲ್ಲಿ 3 ಅಥವಾ ಹೆಚ್ಚು ಗೆರೆಗಳಿದ್ದರೆ ಹೃದಯದ ಕಡೆಗೆ ಗಮನ ಹರಿಯಬೇಕು. ಜಾರುವಿಕೆ ನಿಂತಿದ್ದರೆ ಪೊರೆಗಳ ನಡುವೆ ಗಾಳಿ ಸೇರಿರುವ ಶಂಕೆ ಹುಟ್ಟುತ್ತದೆ. ಕಪ್ಪಾಗಿ ಕಾಣುವುದು ಪೊರೆಗಳ ನಡುವಿನ ದ್ರವ. ರೋಗಿಯನ್ನು ಹಾಸಿಗೆಯಿಂದ ಕದಲಿಸದೆ ಕೆಲವೇ ನಿಮಿಷಗಳಲ್ಲಿ ಇಷ್ಟನ್ನೂ ತಿಳಿಯಬಹುದು.

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಂತಹ ಊರುಗಳಿಗೆ ಇದರ ಬೆಲೆ ಹೆಚ್ಚು. ಸಿಂಧನೂರಿನಿಂದ ಜಿಲ್ಲಾಕೇಂದ್ರ ರಾಯಚೂರು ಸುಮಾರು 85 ಕಿಲೋಮೀಟರು. ನಡುರಾತ್ರಿ ಉಬ್ಬಸದಿಂದ ಬಳಲುವ ವೃದ್ಧರನ್ನು ಅಷ್ಟು ದೂರ ಸಾಗಿಸಬೇಕೇ, ಇಲ್ಲಿಯೇ ಔಷಧ ಆರಂಭಿಸಬೇಕೇ ಎಂಬ ನಿರ್ಧಾರಕ್ಕೆ ಈ ಪರೀಕ್ಷೆ ಆಧಾರವಾಗಬಲ್ಲದು.

ಆದರೆ ಯಂತ್ರವೊಂದೇ ಸಾಲದು. ಜಾರುವಿಕೆ ಬೇರೆ ಕಾರಣಗಳಿಂದಲೂ ನಿಲ್ಲಬಹುದು. ಲಂಬಗೆರೆಗಳು ನ್ಯುಮೋನಿಯಾದಲ್ಲಿಯೂ ಮೂಡಬಹುದು. ಪಳಗಿದ ಕೈ, ರೋಗಿಯ ಪೂರ್ವಚರಿತ್ರೆ, ವೈದ್ಯನ ವಿವೇಕ ಇವು ಕೂಡಿಬಂದಾಗಲೇ ಫಲ. ಇದಲ್ಲದೆ, ಭ್ರೂಣಲಿಂಗ ಪತ್ತೆಯನ್ನು ತಡೆಯಲು ಬಂದ 1994ರ ಕಾಯಿದೆಯಂತೆ ಅಲ್ಟ್ರಾಸೌಂಡ್ ಬಳಸುವ ಕೇಂದ್ರವು ನೋಂದಣಿಯಾಗಿರಬೇಕು. ಹೆಣ್ಣುಶಿಶುವಿನ ರಕ್ಷಣೆಗೆಂದು ಬಂದ ಈ ಕಟ್ಟುಪಾಡು ನ್ಯಾಯವಾದುದೇ. ಅದನ್ನು ಪಾಲಿಸಿಯೇ ತಾಲೂಕು ಆಸ್ಪತ್ರೆಗಳು ಮುಂದುವರಿಯಬೇಕು.

ಅನ್ನದಾಸೋಹ, ಜ್ಞಾನದಾಸೋಹಗಳನ್ನು ಕಂಡ ನಾಡಿದು. ಇಲ್ಲಿ ಕಲಿತ ಮಕ್ಕಳಲ್ಲಿ ಕೆಲವರಾದರೂ ವೈದ್ಯರಾಗಿ ಈ ವಿದ್ಯೆಯನ್ನು ತಮ್ಮೂರಿಗೇ ಮರಳಿ ತಂದರೆ, ಅದು ಉಸಿರಿನ ದಾಸೋಹವೇ ಸರಿ.